ಹಸಿ ಮರದ ವೈರಿ

ನನ್ನ ಸೋದರಮಾವ ಮನುಷ್ಯರಿಗಿಂತ ಹೆಚ್ಚು ಹಲಗೆಗಳಿಗೇ ಕೆನ್ನೆ ಕೊಟ್ಟವರು! ನಗಬೇಡಿ. ಅವರು ಉಡುಮಲೈಪೇಟೆಯಲ್ಲಿ ಕೈಮಗ್ಗ ಮಾಡಿಕೊಡುವ ಬಡಗಿ. ಹಸಿ ಮರದ ಮಗ್ಗ ಒಣಗುತ್ತಾ ಸೊಟ್ಟಗಾದರೆ ನೇಯುವವರ ಶಾಪ ತಟ್ಟುವುದು ಯಾರಿಗೆ? ಅದಕ್ಕೇ ಮಾಮ ಹಲಗೆಯನ್ನು ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳುವರು. ಆಮೇಲೆ ಕಣ್ಣು ಮುಚ್ಚಿ ಕೆನ್ನೆಗೊತ್ತಿಕೊಳ್ಳುವರು. ತಣ್ಣಗಿದ್ದರೆ ಒಳಗೆ ನೀರಿದೆ ಎಂದರ್ಥ. ಮರದಂಗಡಿಯವರು ತೇವ ಅಳೆಯುವ ಮೀಟರ್ ತೋರಿಸಿದಾಗ, “ಇದ್ಕೆ ಕೆನ್ನೆ ಎಲ್ಲೈತೆ?” ಎಂದು ವಾಪಸು ಕೊಟ್ಟರು.

ನನಗೆ ಹೆಣ್ಣು ನೋಡಲು ಪೊಳ್ಳಾಚಿಗೆ ಹೋಗಿದ್ದೆವು. ಎಲ್ಲರೂ ಒಳಗೆ ಕುಳಿತರೂ ಮಾಮ ಮಾತ್ರ ಹೊಸ ಬಾಗಿಲ ಚೌಕಟ್ಟಿಗೆ ಕೆನ್ನೆಯಾನಿಸಿ ನಿಂತುಬಿಟ್ಟರು. ಹುಡುಗಿಯ ತಾಯಿ ಗಾಬರಿಯಾಗಿ, “ಐಯೋ, ಅವ್ರಿಗೆ ತಲೆಸುತ್ತು ಬಂತಾ?” ಎಂದರು.

ಮಾಮ ಕಣ್ಣು ತೆರೆದು, “ಮರ ಇನ್ನಾ ಈರ ಐತಮ್ಮಾ, ಹಸಿ ಹಸಿ. ಮಳೆ ಬಂದ್ರೆ ಬಾಗ್ಲು ಹಿಡ್ಕೊಂತದೆ, ನೀವೆಲ್ಲಾ ಒಳಗೇ!” ಎಂದರು.

ಸಂಬಂಧ ಅಲ್ಲಿಗೇ ಮುರಿಯಿತು.

ಮಾಮನ ಮನೆಯ ಮಲಗುವ ಕೋಣೆಗಂತೂ ಬಾಗಿಲೇ ಇರಲಿಲ್ಲ. ಅದಕ್ಕೆಂದು ತಂದ ಹಲಗೆಗಳು ಅಟ್ಟದ ಮೇಲೆ ಒಣಗುತ್ತಲೇ ಇದ್ದವು. ಅತ್ತೆ ಹಳೆ ಸೀರೆಯನ್ನೇ ಪರದೆ ಮಾಡಿ ಕಟ್ಟಿದ್ದರು.

“ನಾನೇ ಒಣಗಿ ಹೋಗ್ತೀನಿ, ನಿಮ್ ಪಲಗೆ ಒಣಗಲ್ಲ!”

“ಅವಸರ ಪಟ್ರೆ ಬಾಗ್ಲು ಸೊಟ್ಟ ಆಗ್ತದೆ ಕಣೇ.”

ಅತ್ತೆಯ ಮಾತೇ ನಿಜವಾಯಿತು. ದಿನದಿನಕ್ಕೆ ಸಣ್ಣಗಾಗುತ್ತಾ, ಹೋದ ಐಪ್ಪಸಿ ತಿಂಗಳ ಮಳೆಯಲ್ಲಿ ಅವರು ತೀರಿಕೊಂಡರು.

ಸುಡುಗಾಡಿಗೆ ಕಟ್ಟಿಗೆಯ ಗಾಡಿ ಬಂತು. ಮಾಮ ಎದ್ದು ಹೋಗಿ ಒಂದು ತುಂಡು ತಟ್ಟಿದರು. ಮಂಕು ಸದ್ದು. “ಈರ. ಬೇಡ, ಬೇರೆ ತರ್ಸು” ಎಂದರು.

“ಇಲ್ಲೂವಾ?” ಎಂದು ನೆಂಟರು ಗೊಣಗಿದರು. ಹಿರಿಯರೊಬ್ಬರು ರೇಗಿ, “ಎಣ್ಣೆ ಹಾಕಿದ್ರೆ ತಾನೇ ಉರೀತದಪ್ಪಾ, ಬಿಡು!” ಎಂದರು.

ಮಾಮ ನನ್ನ ಕಡೆ ತಿರುಗಿ ಮೆಲ್ಲಗೆ, “ಹೊಗೆ ಆದ್ರೆ ಅವ್ಳಿಗೆ ಕೆಮ್ಮು ಬರ್ತದೆ ಕಣಪ್ಪಾ” ಎಂದರು.

ನಾನೇ ಹೋಗಿ ಬೇರೆ ಕಟ್ಟಿಗೆ ತಂದೆ. ಮಾಮ ಒಂದು ತುಂಡೆತ್ತಿ ಕೆನ್ನೆಗೊತ್ತಿಕೊಂಡು ಬಹಳ ಹೊತ್ತು ನಿಂತರು. ಕೊನೆಗೆ, “ಗೊತ್ತಾಗ್ತಾ ಇಲ್ಲ. ನೀನು ನೋಡು” ಎಂದು ಅದನ್ನು ನನ್ನ ಕೈಗಿಟ್ಟರು.

ಅವರ ಕೆನ್ನೆ ಪೂರಾ ತೋಯ್ದು ಹೋಗಿತ್ತು.

ನಾನು ತುಂಡನ್ನು ನನ್ನ ಕೆನ್ನೆಗೆ ಇಟ್ಟುಕೊಂಡೆ. ಬೆಚ್ಚಗಿತ್ತು.

“ಒಣಗೈತೆ ಮಾಮಾ” ಎಂದೆ.