ಕೆಂಪಿಯ ಕಾಲು, ಟೈಲರನ ಕೈಗುಣ

ಕೆಂಪಿಯ ಕಾಲು ಕೆಡದಿದ್ದರೆ, ತಾನೊಬ್ಬ ವೈದ್ಯ ಎಂಬುದು ಟೈಲರ್‌ಗೆ ಈ ಜನ್ಮದಲ್ಲಿ ಗೊತ್ತಾಗುತ್ತಿರಲಿಲ್ಲ.

ಕೆಂಪಿ, ಅತ್ತೆ ಕೊಟ್ಟ ಕೋಳಿ. ಹೋದ ಸಲ ಬಂದಾಗ ಅದರ ಕಾಲು ನೋಡಿ ಅತ್ತೆ ಹುಬ್ಬು ಗಂಟಿಕ್ಕಿದ್ದರು. "ಇದೇನು ಕಾಲೋ, ಮರದ ತೊಗಟೆಯೋ? ಮುಂದಿನ ಸಲ ಹೀಗೇ ಇದ್ರೆ ವಾಪಸ್ ತಗೊಂಡು ಹೋಗ್ತೀನಿ, ಅಳಿಯಂದ್ರೇ!"

ಟೈಲರ್ ಅಂದೇ ಕೆಂಪಿಯನ್ನು ಕಂಕುಳಲ್ಲಿಟ್ಟುಕೊಂಡು ಪಶು ಆಸ್ಪತ್ರೆಗೆ ಓಡಿದ್ದ. ಅವನು ಹೊಲಿಯುವಾಗ ಮಿಷನ್ನಿನ ಪಕ್ಕ ಕೂತು, ಪೆಡಲ್ಲಿನ ಸದ್ದಿಗೆ ತಲೆದೂಗುತ್ತಿದ್ದ ಜೀವ ಆ ಮನೆಯಲ್ಲಿ ಅದೊಂದೇ.

ಹುರುಪೆಗಳ ಅಡಿಯಲ್ಲಿ ಕಣ್ಣಿಗೆ ಕಾಣದ ಹುಳ ಸೇರಿಕೊಂಡಿವೆ ಎಂದು ಪಶುವೈದ್ಯರು ಹೇಳಿದರು. ಅಂದಿನಿಂದ ವಾರಕ್ಕೊಮ್ಮೆ ಉಗುರುಬೆಚ್ಚಗಿನ ಸೋಪುನೀರಲ್ಲಿ ಕಾಲು ನೆನೆಸುವುದು, ಹಳೇ ಟೂತ್‌ಬ್ರಷ್ಷಿನಿಂದ ಮೆಲ್ಲಗೆ ಉಜ್ಜುವುದು, ಒರೆಸಿ ದಪ್ಪಗೆ ವ್ಯಾಸಲೀನ್ ಬಳಿಯುವುದು. ಹುಳ ಉಸಿರುಕಟ್ಟಿ ಸತ್ತವು, ಹುರುಪೆ ತಾನಾಗಿ ಉದುರಿತು. ಈಗ ಕಾಲು ಹೊಸ ಗುಂಡಿಯ ಹಾಗೆ ನುಣ್ಣಗಿತ್ತು. ಸಂಜೆ ಅತ್ತೆ ಬರುವವರಿದ್ದರು; ಟೈಲರ್ ಅಂಗಳದಲ್ಲಿ ಕೊನೆಯ ಸಲ ವ್ಯಾಸಲೀನ್ ಹಚ್ಚುತ್ತ ಕೂತಿದ್ದ.

ಪಕ್ಕದ ಮನೆಯ ಕಂಡಕ್ಟರ್ ಕಾಂಪೌಂಡಿನ ಮೇಲೆ ಗದ್ದವಿಟ್ಟರು. "ಇಷ್ಟಕ್ಕೆ ವಾರಗಟ್ಟಲೆ ಯಾಕ್ರೀ? ಸೀಮೆಎಣ್ಣೇಲಿ ಅದ್ದಿ ತೆಗೀರಿ!"

"ಚರ್ಮ ಸುಟ್ಟುಹೋಗುತ್ತೆ ಸ್ವಾಮಿ. ಇದು ಕೋಳಿ ಕಾಲು, ಲಾಟೀನಿನ ಬತ್ತಿ ಅಲ್ಲ."

"ಒಂದರಿಂದ ಒಂದಕ್ಕೆ ಅಂಟುತ್ತಾ?"

"ಅಂಟದೆ? ವಾಸಿಯಾದ ಕೋಳೀನ ಕಾಯಿಲೆ ಕೋಳಿ ಜೊತೆ ಬಿಡೋ ಹಾಗೇ ಇಲ್ಲ!" ಬೀದಿಗೆಲ್ಲ ಕೇಳುವಂತೆ ಹೇಳಿದ ಟೈಲರ್.

"ಬನ್ರೋ, ಕೋಳಿ ಡಾಕ್ಟರನ್ನ ನೋಡಿ!" ಎಂದ ಕಂಡಕ್ಟರ್, ಅಭ್ಯಾಸಬಲದಿಂದ ಸೀಟಿ ಊದಿಬಿಟ್ಟರು.

ಬೆಚ್ಚಿದ ಕೆಂಪಿ ಕಿಟಕಿಯಿಂದ ಒಳಕ್ಕೆ ಹಾರಿತು. ಕತ್ತರಿಸುವ ಮೇಜಿನ ಮೇಲೆ ಹರಡಿದ್ದ ಬಿಳಿ ಕೋಟಿನ ಬಟ್ಟೆಯ ಉದ್ದಕ್ಕೂ ಜಿಡ್ಡಿನ ಹೆಜ್ಜೆ ಮೂಡಿಸುತ್ತ ಬಾಗಿಲಿಂದಾಚೆ ಓಡಿತು.

"ರೀ, ನಾಳೆ ಕೊಡಬೇಕಾದ ಕೋಟು!" ಹೆಂಡತಿ ಕೂಗಿದಳು.

"ಕೋಟು ಹಾಳಾಗ್ಲಿ, ಕೋಳಿ ಹಿಡಿಯೇ!"

ಬೀದಿಗೆ ಬೀದಿಯೇ ಬೆನ್ನಟ್ಟಿತು. ಕಾಲು ಹಿಡಿದವರ ಕೈಯಿಂದೆಲ್ಲ ಕೆಂಪಿ ಒದ್ದೆ ಸೋಪಿನಂತೆ ಜಾರಿತು. ನಿವೃತ್ತ ಡ್ರಿಲ್ ಮಾಸ್ತರು ಹೊದಿಕೆ ಬೀಸಿ ಕಂಡಕ್ಟರನ್ನೇ ಹಿಡಿದರು. ಅಷ್ಟರಲ್ಲಿ ಒಂದು ಆಟೋ ಬಂದು ನಿಂತಿತು. ಇಳಿದವರು ಅತ್ತೆ. ಕೆಂಪಿ ನೆಟ್ಟಗೆ ಹೋಗಿ ಅವರ ಮುಂದೆ ನಿಂತಿತು.

ಅತ್ತೆ ಅದನ್ನೆತ್ತಿ, ಕನ್ನಡಕ ಏರಿಸಿ, ಒಂದೊಂದೇ ಬೆರಳು ಬಿಡಿಸಿ ನೋಡಿದರು. ಬೀದಿಯೂ ಕತ್ತು ಚಾಚಿ ಇಣುಕಿತು.

"ಭೇಷ್! ನಮ್ಮ ವಂಶದಲ್ಲೇ ಇಂಥ ಕೈಗುಣ ಯಾರಿಗೂ ಇಲ್ಲ, ಅಳಿಯಂದ್ರೇ."

ಟೈಲರನ ಎದೆ ಎಷ್ಟು ಉಬ್ಬಿತೆಂದರೆ ತಾನೇ ಹೊಲಿದ ಅಂಗಿಯ ಗುಂಡಿ ಪಟ್ಟೆಂದು ಹಾರಿತು. "ಹಾಗಾದ್ರೆ ಕೆಂಪಿ ಇಲ್ಲೇ ಇರುತ್ತೆ ತಾನೆ?"

ಅತ್ತೆ ಆಟೋದತ್ತ ಕೈ ತೋರಿಸಿದರು. ಹಿಂದಿನ ಸೀಟಿನ ತುಂಬ ಬುಟ್ಟಿಗಳು; ಪ್ರತಿ ಬುಟ್ಟಿಯಿಂದಲೂ ತೊಗಟೆಯಂಥ ಕಾಲುಗಳು ಇಣುಕುತ್ತಿದ್ದವು.

"ನಮ್ಮನೇಲಿ ಎಲ್ಲಕ್ಕೂ ಇದೇ ಕಾಯಿಲೆ. ನೀವೇ ವಾಸಿ ಮಾಡ್ಬೇಕು. ಅಲ್ಲೀತನಕ ಕೆಂಪಿ ನನ್ನ ಹತ್ರ ಇರ್ಲಿ. ಗೂಡು ತೊಳೆದು ಸುಣ್ಣ ಹೊಡೆಸಿದೀನಿ."

"ಕೆಂಪಿ ಯಾಕತ್ತೆ...?"

"ವಾಸಿಯಾದದ್ದನ್ನ ಕಾಯಿಲೆಯವುಗಳ ಜೊತೆ ಬಿಡೋ ಹಾಗೇ ಇಲ್ವಂತೆ," ಹೊದಿಕೆಯೊಳಗಿಂದ ಕಂಡಕ್ಟರ್ ಉತ್ತರಿಸಿದರು. "ಡಾಕ್ಟರೇ ಹೇಳಿದಾರೆ."

ಬುಟ್ಟಿಗಳೆಲ್ಲ ಇಳಿದ ಮೇಲೆ, ಅತ್ತೆಯ ಮಡಿಲಲ್ಲಿ ಕೂತು, ಆಟೋ ಎಂಜಿನ್ನಿನ ಸದ್ದಿಗೆ ತಲೆದೂಗುತ್ತ ಕೆಂಪಿ ಹೊರಟುಹೋಯಿತು. ಟೈಲರ್ ಬುಟ್ಟಿಗಳನ್ನೊಮ್ಮೆ ನೋಡಿದ. ಕಣ್ಣೊರೆಸಿಕೊಂಡು, ತೋಳು ಮಡಚಿದ.

"ಸೀಮೆಎಣ್ಣೆ ತರ್ಲಾ?" ಕಂಡಕ್ಟರ್ ಕೇಳಿದರು.

"ದೂರ ನಿಲ್ಲಿ," ಎಂದ ಟೈಲರ್ ಗತ್ತಿನಿಂದ. "ಪೇಷೆಂಟುಗಳು ಹೆದರ್ತವೆ."