ತೊಡೆಸಂದಿಯಲ್ಲಿ ಬೀಡುಬಿಟ್ಟ ಗಜಕರ್ಣರಾಯರಿಗೊಂದು ಬಿನ್ನಹ

ಮಾನ್ಯ ಗಜಕರ್ಣರಾಯರೇ,

ಕೊಲ್ಹಾಪುರದ ನಮ್ಮ ಓಣಿಯ ತಾಲೀಮಿನ, ಎಂದರೆ ಗರಡಿಮನೆಯ, ಹಳೆಯ ಪೈಲ್ವಾನ, ನಲವತ್ತೈದರ ಆಸುಪಾಸಿನ ಸರ್ಜೇರಾವ್ ಮಗದುಮ್ ತಮ್ಮ ಚರ್ಮಾಧಿಪತ್ಯಕ್ಕೆ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗವೆಂದು ವಾಡಿಕೆಗೆ ಬರೆದೆ. ತಮ್ಮ ಕೃಪೆಯಿಂದ ಸದ್ಯ ತೊಡೆಗೆ ತೊಡೆ ತಾಗಿಸುವಂತಿಲ್ಲವಾದ್ದರಿಂದ ಒಂದೆರಡು ಅಂಗ ಕಡಿಮೆ ಬಿದ್ದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು.

ಮೃಗಶಿರಾ ಮಳೆಯ ಜೊತೆಗೇ ತಾವು ನನ್ನ ಬಲತೊಡೆಯ ಸಂದಿಗೆ ಬಿಜಯಂಗೈದಾಗ ಒಂದು ನಾಣ್ಯದಷ್ಟು ಜಾಗದಲ್ಲಿ ಅದೆಷ್ಟು ವಿನಯದಿಂದ ಕುಳಿತಿದ್ದಿರಿ! ಆಮೇಲೆ ಸುತ್ತಲೂ ಕೆಂಪು ಬೇಲಿ ಹಾಕಿ, ನಡುವೆ ಬಯಲು ಬಿಟ್ಟು, ಊರ ಲೆಕ್ಕಿಗ ತಲಾಠಿಯ ಅಪ್ಪಣೆಯಿಲ್ಲದೆ, ಭೂಮಿ ಅಳೆಯುವ ಮೋಜಣಿಯ ಸರಪಳಿಯಿಲ್ಲದೆ, ಎರಡೂ ತೊಡೆಗಳನ್ನು ತಮ್ಮ ಹೆಸರಿಗೆ ಮಾಡಿಕೊಂಡ ಆ ಒತ್ತುವರಿಯ ಕೌಶಲ್ಯವನ್ನು ನಮ್ಮೂರ ಪುಢಾರಿಗಳೂ ತಮ್ಮಿಂದ ಕಲಿಯಬೇಕು. ಕೆರೆದರೆ ಸುಖ, ಬಿಟ್ಟರೆ ದುಃಖ, ಕಂಡವರ ಮುಂದೆ ಎಲ್ಲಿಡಲಿ ಮುಖ!

ತಮ್ಮ ಸತ್ಕಾರದಲ್ಲಿ ನಾವು ಕೊರತೆ ಮಾಡಿದ್ದೇವೆಂದು ತಾವು ಹೇಳುವಂತಿಲ್ಲ. ಗೆದ್ದ ಲಂಗೋಟಿಯನ್ನು ತೊಳೆದರೆ ಗೆಲುವೂ ತೊಳೆದುಹೋಗುತ್ತದೆ ಎಂಬುದು ನಮ್ಮ ತಾಲೀಮಿನ ನಂಬಿಕೆ. ಆದ್ದರಿಂದ ಬೆವರು ಕುಡಿದ ಲಂಗೋಟಿಗಳು ಬಿಸಿಲು ಕಾಣದ ಕೋಣೆಯಲ್ಲಿ ಒಂದರ ಮೇಲೊಂದು ತೂಗಿ, ಮರುದಿನ ಹಸಿಹಸಿಯಾಗಿಯೇ ಸೊಂಟವೇರುತ್ತವೆ. ಕೈಗೆ ಯಾರದು ಸಿಕ್ಕರೂ ಅದೇ ಸೈ. ಮೈ ಒರೆಸುವ ಪಂಚೆಯೂ ಊರಿಗೊಂದೇ ಬಾವಿಯಂತೆ ಎಲ್ಲರಿಗೂ ಒಂದೇ. ತಮಗೆ ಇದಕ್ಕಿಂತ ಒಳ್ಳೆಯ ಛತ್ರವನ್ನು ಯಾವ ಧರ್ಮಾತ್ಮ ಕಟ್ಟಿಸಿಯಾನು?

ಇಷ್ಟಾದರೂ ನಾನು ತುಟಿ ಬಿಚ್ಚಲಿಲ್ಲ. ನಮ್ಮ ಗುರು, ವಸ್ತಾದ ಹಿಂದೂರಾವ್ ಅವರ ನಿಯಮವೊಂದಿದೆ: ಮೈಮೇಲೆ ಕಜ್ಜಿ ಕಂಡವನು ಗರಡಿಯ ಕೆಮ್ಮಣ್ಣು ಮೆಟ್ಟಕೂಡದು, ಮತ್ತೆ ಬಾ ಎಂದು ಅವರಾಗಿ ಕರೆಯುವವರೆಗೆ ಬಾಗಿಲ ಬಳಿಯೂ ಸುಳಿಯಕೂಡದು. ಅವರು ಈತನಕ ಯಾರನ್ನೂ ಮರಳಿ ಕರೆದದ್ದಿಲ್ಲ. ಅಂಗಡಿ, ಸಂಸಾರ, ಸಕ್ಕರೆ ಕಾಯಿಲೆಯ ಹೆದರಿಕೆ, ಇವೆಲ್ಲವನ್ನೂ ಹೊರಗೆ ಬಿಟ್ಟು ನಾನು ನಾನಾಗಿ ಇರುವುದು ಆ ಮಣ್ಣಿನಲ್ಲಿ ಮಾತ್ರ. ದಸರೆಗೆ ಹಿರಿಯರ ಕುಸ್ತಿಯಲ್ಲಿ ನಮ್ಮ ಗರಡಿಯವನೇ ಆದ ರಂಗರಾವ್ ಪೋವಾರನೊಡನೆ ನನ್ನ ಜೋಡಿಯೂ ನಿಗದಿಯಾಗಿತ್ತು. ಹೀಗಾಗಿ ನಾನು ತಮ್ಮನ್ನು ಗುಟ್ಟಿನ ಗಂಟಿನಂತೆ ಕಾಪಾಡಿದೆ. ಅಭ್ಯಾಸದಲ್ಲಿ ಒಮ್ಮೆ ಎದುರಾಳಿಯ ಕುತ್ತಿಗೆ ನನ್ನ ಹಿಡಿತದಲ್ಲಿದ್ದಾಗ ತಾವು ಕರೆ ಕಳಿಸಿದಿರಿ. ಕರ್ತವ್ಯವೇ ದೊಡ್ಡದೆಂದು ಕುತ್ತಿಗೆ ಬಿಟ್ಟು ಕೆರೆಯಲು ಹೋದೆ, ಮರುಕ್ಷಣ ಬೆನ್ನು ಮಣ್ಣಿಗೆ, ಕಣ್ಣು ಮುಗಿಲಿಗೆ. ವಸ್ತಾದರು ಕೇಳಿದರು: “ಯಾಕಲೇ ಸರ್ಜಾ, ಕೈ ಎಲ್ಲಿ ಹೋಗಿತ್ತು? ಒಳಗ ಏನು ಗಂಟು ಇಟ್ಟೀದಿ?” ಇರುವೆ ಕಚ್ಚಿತೆಂದೆ. ನನ್ನನ್ನು ಇರುವೆಗಳೂ ಕ್ಷಮಿಸಲಿ.

ಔಷಧದಂಗಡಿಯವನಿಗೆ ಪಿಸುಗುಟ್ಟಿದೆ; ಅವನು ಮೂರು ಮದ್ದು ಬೆರೆಸಿದ ಟ್ಯೂಬೊಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ಹಚ್ಚಿದ ನಾಲ್ಕೇ ದಿನಕ್ಕೆ ತಾವು ಮಾಯ! ಟ್ಯೂಬಿಗೆ ಕೈ ಮುಗಿದು ಬಿಟ್ಟುಬಿಟ್ಟೆ. ತಾವಾದರೋ ತವರಿಗೆ ಹೋದ ಸೊಸೆಯಂತೆ ಬಂಧು ಬಳಗವನ್ನೆಲ್ಲ ಕಟ್ಟಿಕೊಂಡು ಹೊಟ್ಟೆಯ ಕೆಳಗಿನವರೆಗೂ ಮರಳಿ ಬಂದಿರಿ. ಹಚ್ಚಿದೆ, ಹೋದಿರಿ, ಬಿಟ್ಟೆ, ಹಬ್ಬಿದಿರಿ.

ಕೊನೆಗೆ, ಪರಿಚಿತರಾರೂ ಕಾಣದಿರಲೆಂದು ತಲೆಗೆ ಮಫ್ಲರ್ ಸುತ್ತಿ ಮಿರಜಕ್ಕೆ ಹೋಗಿ ಚರ್ಮವೈದ್ಯರ ಬಾಗಿಲಲ್ಲಿ ಕುಳಿತೆ. ಎದುರಿನ ಬೆಂಚಿನಲ್ಲಿ ಒಬ್ಬ ಮುಖದ ಮುಂದೆ ಪತ್ರಿಕೆ ಹಿಡಿದಿದ್ದ. ಪತ್ರಿಕೆಯ ಎರಡೂ ಬದಿಗೆ ಕುಸ್ತಿಯಲ್ಲಿ ಮುದುಡಿದ ಕಿವಿಗಳು ಇಣುಕುತ್ತಿದ್ದವು. ಪಕ್ಕದಲ್ಲಿ ಅಂಥವೇ ಕಿವಿಗಳ ಇನ್ನೊಂದು ಜೋಡಿ, ಅದರಾಚೆ ಮತ್ತೊಂದು. ಎಲ್ಲರೂ ತೊಡೆ ಅಗಲಿಸಿ ತಲಾ ಎರಡು ಜಾಗ ಹಿಡಿದಿದ್ದರು.

“ಯಾಕಲೇ ರಂಗ್ಯಾ, ಅತ್ತಿ ಮನಿಗೆ ಹೊಂಟೀನಿ ಅಂದಿದ್ದಿ?” ದಸರೆಯ ನನ್ನ ಜೋಡಿಯನ್ನು ಕಿವಿಯಿಂದಲೇ ಗುರುತಿಸಿ ಕೇಳಿದೆ.

ಪತ್ರಿಕೆ ಮೆಲ್ಲಗೆ ಇಳಿಯಿತು. “ಅತ್ತಿ ಮನಿ ಇಲ್ಲೇ ಐತಿ ಸರ್ಜಾ. ನೀ ಯಾಕ ಬಂದಿ?”

“ಹಲ್ಲು ನೋವು.”

“ಹಂಗಾರ ಕೈ ಯಾಕ ಅಲ್ಲಿಟ್ಟಿ? ಹಲ್ಲು ಅಲ್ಲಿ ಹುಟ್ಟ್ಯಾವೇನು?”

ಅಷ್ಟರಲ್ಲಿ ಒಳಗಿನಿಂದ ವೈದ್ಯೆ ಶರಯೂ ಬೆಡೇಕರ್ ಅವರ ದನಿ ಕೇಳಿತು: “ಕಾಕಾ, ಗರಡಿಯೊಳಗ ನೀವು ಗುರು, ಇಲ್ಲಿ ನಾನು. ಲಂಗೋಟಿ ಕುದಿಯೋ ನೀರಾಗ ಹಾಕ್ರಿ, ಬಿಸಿಲಿಗೆ ಒಣಗಸ್ರಿ, ಒಬ್ಬರದು ಇನ್ನೊಬ್ಬರು ಉಡಬ್ಯಾಡ್ರಿ. ಆಡಿ ಬಂದ ಕೂಡ್ಲೆ ಸ್ನಾನ ಮಾಡಿ ಸಂದಿ ಒಣಗೋಹಂಗ ಒರಸ್ರಿ. ಕಾಲ್ಬೆರಳ ಸಂದೀನೂ ತೋರಸ್ರಿ, ಗಜಕರ್ಣ ಅಲ್ಲಿಂದ್ಲೂ ಮ್ಯಾಲ ಏರತೈತಿ. ಆ ಅಂಗಡಿ ಟ್ಯೂಬ್ ಬಿಸಾಕ್ರಿ. ನಾ ಕೊಟ್ಟ ಮುಲಾಮು ಕೆಂಪು ಹೋತಂತ ನಡುವ ಬಿಟ್ಟೀರಿ, ಜೋಕೆ!”

ಬಾಗಿಲು ತೆರೆದು, ಧೋತರದ ಕಚ್ಚೆ ಸರಿಪಡಿಸಿಕೊಳ್ಳುತ್ತ ಹೊರಬಂದವರು ಸಾಕ್ಷಾತ್ ವಸ್ತಾದ ಹಿಂದೂರಾವ್.

ರಾಯರೇ, ತಮ್ಮ ಸಾಮ್ರಾಜ್ಯದ ವಿಸ್ತಾರ ನನಗೆ ತಿಳಿದದ್ದು ಆಗಲೇ. ಕಜ್ಜಿಯವರನ್ನು ಹೊರದಬ್ಬುವ ನಿಯಮವೇ ತಮ್ಮ ಕೋಟೆಯಾಗಿತ್ತು. ಹೆದರಿ ಮುಚ್ಚಿಟ್ಟುಕೊಂಡ ನಾವೆಲ್ಲ ತಮ್ಮ ಕಾವಲುಗಾರರು. ವಸ್ತಾದರು ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದರು. ಬಾಗಿಲ ದಾರಿ ತೋರಿಸುತ್ತಾರೆಂದು ನಾನು ಎದ್ದೇ ನಿಂತಿದ್ದೆ.

“ಯಾರ್ಯಾರಿಗೆ ಐತಿ, ಕೈ ಎತ್ರಿ,” ಎಂದರು.

ಎಲ್ಲರೂ ಎಡಗೈ ಎತ್ತಿದರು, ಬಲಗೈಗಳು ಕೆಲಸದಲ್ಲಿದ್ದವು. ವಸ್ತಾದರು ಒಂದು ಕ್ಷಣ ನೆಲ ನೋಡಿದರು. ಆಮೇಲೆ ತಮ್ಮ ಕೈಯನ್ನೂ ಎತ್ತಿದರು.

ಈಗ ಗರಡಿಗೆ ಬೀಗ ಬಿದ್ದಿದೆ, ದಸರೆಯ ಕುಸ್ತಿ ತಪ್ಪಿದೆ. ಆದರೆ ಯಾರನ್ನೂ ಹೊರಹಾಕಿಲ್ಲ. ವಾಸಿಯಾದ ಮೇಲೆ ಎಲ್ಲರೂ ಕೂಡಿಯೇ ಮಣ್ಣಿಗಿಳಿಯುವುದು, ಮತ್ತೆ ತುರಿಕೆ ಹತ್ತಿದವನು ಬಾಗಿಲಲ್ಲೇ ಗಟ್ಟಿಯಾಗಿ ಹೇಳಿ, ಮದ್ದು ಮುಗಿಸಿ ಮರಳುವುದು ಎಂದು ವಸ್ತಾದರ ಹೊಸ ಅಪ್ಪಣೆ. ಆದಕಾರಣ ತಾವು ಸಪರಿವಾರ ಜಾಗ ತೆರವು ಮಾಡಿ, ಹೋಗುವಾಗ ಕೆಂಪು ಬೇಲಿಯನ್ನೂ ಕಿತ್ತುಕೊಂಡು, ತೊಡೆಗಳನ್ನು ಮೊದಲಿದ್ದ ಬಣ್ಣಕ್ಕೆ ತಂದು, ಸ್ವಾಧೀನ ಬಿಟ್ಟ ಬಗ್ಗೆ ಸಹಿ ಮಾಡಿ ಹೋಗಬೇಕಾಗಿ ಕೈಜೋಡಿಸಿ ಬೇಡುತ್ತೇನೆ. ತೊಡೆ ಜೋಡಿಸುವುದು ಇನ್ನೂ ಆಗುತ್ತಿಲ್ಲ.

ತಮ್ಮ ವಿಶ್ವಾಸಿ, ಹಾಗೂ ಬಲವಂತದ ಮನೆಮಾಲೀಕ,
ಸರ್ಜೇರಾವ್ ಮಗದುಮ್

ತಾ.ಕ.: ಎಲ್ಲಿಗೆ ಹೋಗಲಿ ಎಂದು ಕಂಗೆಡಬೇಡಿ. ಮುಂದಿನ ತಿರುವಿನಲ್ಲಿ ಕನ್ನಡಿಯ ಗೋಡೆಗಳ ಹೊಸ ಜಿಮ್ ತೆರೆದಿದೆ. ಅಲ್ಲಿ ತಂಪು ಗಾಳಿ, ತಾಳಕ್ಕೆ ಹಾಡು, ಮೈಗಂಟಿದ ಬಿಗಿ ಚಡ್ಡಿಯ ತರುಣರು; ಬೆವರು ಆರುವ ಮೊದಲೇ ಅದೇ ಚಡ್ಡಿಯಲ್ಲಿ ಮಿಸಳ ತಿನ್ನಲು ಕೂರುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, ಬಹಳ ಮರ್ಯಾದಸ್ಥರು, ಇಂಥದ್ದನ್ನೆಲ್ಲ ಯಾರ ಮುಂದೆಯೂ ಬಾಯಿ ಬಿಡುವುದಿಲ್ಲ.