ನಾನು ಮಡಿಸದ ಲಕೋಟೆಗಳು

ಮಾಡದ ತಪ್ಪಿಗೆ ಬೈಸಿಕೊಂಡವರು ಜೀವನವಿಡೀ ಅದನ್ನು ಹೇಳಿಕೊಂಡು ತಿರುಗುತ್ತಾರೆ. ಮಾಡದ ಕೆಲಸಕ್ಕೆ ಹೊಗಳಿಸಿಕೊಂಡವರು ಮಾತ್ರ ಎಲ್ಲೂ ಬಾಯಿ ಬಿಡುವುದಿಲ್ಲ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು. ಪಕ್ಕದವನ ಪುಸ್ತಕ ನೋಡಿ ಉತ್ತರ ಬರೆದ ಎಷ್ಟೋ ಜನರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಅಂಥ ನಾನೇ ಒಮ್ಮೆ ಪಕ್ಕದ ಮನೆಯವರ ಉತ್ತರವನ್ನು ನನ್ನದೆಂದು ತೋರಿಸಿ ಪೂರ್ತಿ ಅಂಕ ಗಿಟ್ಟಿಸಿದ್ದೆ. ನಿವೃತ್ತನಾಗಿದ್ದೇನೆ, ಇನ್ನು ಹೇಳಿದರೆ ನಷ್ಟವಿಲ್ಲ.

ಚನ್ನಪಟ್ಟಣದಲ್ಲಿ ನಮ್ಮ ಹಳೆಯ ಮನೆಯ ಅಂಗಳದಲ್ಲೇ ಹೊಸ ಮನೆ ಕಟ್ಟಿಸಿದಾಗಿನ ಮಾತು. ಬಿಡದಿಯ ಕಡೆ ಒಂದರ ಹಿಂದೊಂದು ಕಾರ್ಖಾನೆ ಏಳುತ್ತಿದ್ದ ಕಾಲ. ಗಾರೆಯವರು, ಬಡಗಿಗಳು ಎಲ್ಲ ಆ ಕಡೆಗೇ ಹೊರಟುಬಿಡುತ್ತಿದ್ದರಿಂದ ನಮ್ಮ ಎರಡು ಕೋಣೆಯ ಮನೆ ಮುಗಿಯುವುದಕ್ಕೆ ಎರಡು ವರ್ಷ ಹಿಡಿಯಿತು. ಅಂತೂ ಗೃಹಪ್ರವೇಶದ ದಿನ ಗೊತ್ತಾಯಿತು. ಬರುವ ಹೆಂಗಸರಿಗೆ ಅರಿಶಿನ ಕುಂಕುಮದ ಜೊತೆ ನಮ್ಮೂರಿನದೇ ಏನಾದರೂ ಕೊಡಬೇಕೆಂದು ನನ್ನ ಹೆಂಡತಿ ಜಯಮ್ಮ ತೀರ್ಮಾನಿಸಿದಳು. ಪಕ್ಕದ ಮನೆಯ ಅಮೀರ್ ಸಾಹೇಬರು ಬೊಂಬೆ ಮಾಡುವವರು. ಅವರಿಗೆ ಹೇಳಿ ಅರಗಿನ ಬಣ್ಣದ ಮರದ ಬಳೆ ಇನ್ನೂರು ಜೊತೆ ಮಾಡಿಸಿದೆವು. ಬಳೆಗಳು ಸೊಗಸಾಗಿ ಬಂದವು. ಅವನ್ನು ಹಾಕಿ ಕೊಡುವುದಕ್ಕೆ ಅಂಗಡಿಯಲ್ಲಿ ಥಳಥಳ ಹೊಳೆಯುವ ಡಬ್ಬಿ ವಿಚಾರಿಸಿದರೆ, ಬಳೆಗಿಂತ ಡಬ್ಬಿಯೇ ದುಬಾರಿ. ಬರಿಗೈಯಲ್ಲಿ ಬಳೆ ಎತ್ತಿ ಕೊಡುವುದು ಜಯಮ್ಮನಿಗೆ ಒಪ್ಪಿಗೆಯಾಗಲಿಲ್ಲ. ಆ ಕ್ಷಣದಲ್ಲಿ ನನ್ನೊಳಗಿನ ಗಣಿತ ಎದ್ದು ಕೂತಿತು. “ಕಾಗದದ ಲಕೋಟೆ ನಾನೇ ಮಾಡ್ತೀನಿ,” ಎಂದೆ.

“ಗೋಡೆಗೆ ಮೊಳೆ ಹೊಡೆಯೋಕೂ ಆಳು ಕರೆಸೋರು ನೀವು,” ಎಂದಳು ಜಯಮ್ಮ.

“ಲಕೋಟೆ ಅಂದ್ರೆ ಒಂದು ಆಯತ, ನಾಲ್ಕು ತ್ರಿಕೋಣ. ಅದರಲ್ಲೇನಿದೆ?”

ಕಾಗದಕ್ಕೆ ಬರವಿರಲಿಲ್ಲ. ಕಾರ್ಖಾನೆಗಳಿಗೆ ಬರುವ ತಗಡುಗಳ ನಡುವೆ ಇಡುವ ಕಂದು ಬಣ್ಣದ ದಪ್ಪ ಕಾಗದ ಗುಜರಿ ಅಂಗಡಿಯಲ್ಲಿ ರಾಶಿ ಬಿದ್ದಿರುತ್ತಿತ್ತು. ಎಣ್ಣೆ ಕಲೆ ಇಲ್ಲದ ಹಾಳೆ ಆರಿಸಿ, ಒಂದು ಹೊರೆ ತಂದೆ. ಶಾಲೆಯಿಂದ ಬಂದವನೇ ಕಾಫಿ ಕುಡಿದು ಸ್ಕೇಲು, ಕೋನಮಾಪಕ, ಚೂಪು ಮಾಡಿದ ಪೆನ್ಸಿಲ್ಲು ಹರಡಿಕೊಂಡು ನೆಲದ ಮೇಲೆ ಕೂತೆ. ಬಳೆಯ ವ್ಯಾಸ ಅಳೆದೆ, ದಪ್ಪ ಅಳೆದೆ, ಅಂಟಿಸಲು ಬಿಡಬೇಕಾದ ಅಂಚನ್ನು ಲೆಕ್ಕ ಹಾಕಿದೆ. ನಕ್ಷೆ ಎಷ್ಟು ಚೆನ್ನಾಗಿತ್ತೆಂದರೆ ಅದನ್ನು ಕತ್ತರಿಸುವುದಕ್ಕೇ ಮನಸ್ಸು ಬರಲಿಲ್ಲ. ಜಯಮ್ಮ ಕುದಿಸಿಕೊಟ್ಟ ಮೈದಾ ಅಂಟನ್ನು ಬೆರಳಿಗೆ, ಅಂಗಿಗೆ, ಕನ್ನಡಕಕ್ಕೆ, ಉಳಿದಿದ್ದನ್ನು ಕಾಗದಕ್ಕೆ ಬಳಿದೆ. ಕತ್ತಲಾಗುವ ಹೊತ್ತಿಗೆ ಹನ್ನೊಂದು ಲಕೋಟೆ ತಯಾರಾದವು. ಅವುಗಳ ಮೇಲೆ ನಿಘಂಟು ಹೇರಿಟ್ಟು, ಯುದ್ಧ ಗೆದ್ದವನ ಹಾಗೆ ಊಟಕ್ಕೆ ಎದ್ದೆ.

ಬೆಳಗ್ಗೆ ಜಯಮ್ಮನನ್ನು ಕರೆದು, ಒಂದು ಲಕೋಟೆಗೆ ಎರಡು ಬಳೆ ಹಾಕಿ, ಮೇಲಕ್ಕೆತ್ತಿ ತೋರಿಸಿದೆ. ತಳ ಬಿಚ್ಚಿಕೊಂಡಿತು. ಒಂದು ಬಳೆ ಅಲ್ಲೇ ಬಿತ್ತು. ಇನ್ನೊಂದು ನಡುಮನೆ ದಾಟಿ, ಹೊಸ್ತಿಲು ಹಾರಿ, ಮೆಟ್ಟಿಲಿಳಿದು, ಪಕ್ಕದ ಮನೆಯ ಜಗಲಿಯವರೆಗೆ ಉರುಳಿಕೊಂಡು ಹೋಯಿತು. ಅಲ್ಲಿ ಅಮೀರ್ ಸಾಹೇಬರ ತಾಯಿ ಫಾತಿಮಮ್ಮ ಅಕ್ಕಿ ಆರಿಸುತ್ತ ಕೂತಿದ್ದರು. ಎಪ್ಪತ್ತು ದಾಟಿದ ಹೆಂಗಸು. ಬಳೆ ಎತ್ತಿಕೊಂಡು ನಿಧಾನವಾಗಿ ಬಂದರು.

“ಬಳೆ ತಾನೇ ನಡ್ಕೊಂಡು ನಮ್ ಮನೆಗೆ ವಾಪಸ್ ಬಂತು ಮೇಷ್ಟ್ರೇ,” ಎಂದರು. ಆಮೇಲೆ ನನ್ನ ಲಕೋಟೆಯೊಂದನ್ನು ಕೈಗೆತ್ತಿಕೊಂಡು ಮೂಸಿ ನೋಡಿದರು. “ಅಂಟಿಗೆ ಮೈಲುತುತ್ತ ಹಾಕಿಲ್ವಾ? ಜಿರಲೆಗೆ ಊಟ ಬಡಿಸಿದೀರಿ.” ನಿಜವಾಗಿಯೂ ಹನ್ನೊಂದು ಲಕೋಟೆಗಳ ಅಂಚನ್ನೂ ಜಿರಲೆಗಳು ಒಪ್ಪವಾಗಿ ತಿಂದು ಮುಗಿಸಿದ್ದವು.

ಗಂಡ ತೀರಿಕೊಂಡಾಗ ಅಮೀರ್ ಸಾಹೇಬರು ಇನ್ನೂ ಎದೆಹಾಲು ಕುಡಿಯುವ ಕೂಸಂತೆ. ಅಲ್ಲಿಂದ ಇಪ್ಪತ್ತು ವರ್ಷ ಫಾತಿಮಮ್ಮ ಪೇಟೆಯ ದಿನಸಿ ಅಂಗಡಿಗಳಿಗೆ ಹಳೆಯ ಪೇಪರಿನ ಕವರು ಮಡಿಸಿ ಮನೆ ನಡೆಸಿದ್ದರು. “ಪ್ಲಾಸ್ಟಿಕ್ ಬಂತು, ನಮ್ ಕೈ ನಿಂತೋಯ್ತು,” ಎಂದು ಹೇಳುತ್ತಲೇ ಒಂದು ಹಾಳೆ ಎಳೆದುಕೊಂಡು, ಸ್ಕೇಲನ್ನು ಆಚೆ ಸರಿಸಿ, ಹೆಬ್ಬೆರಳಿನ ಉಗುರಿನಲ್ಲಿ ಗೀರಿದರು. ನಾಲ್ಕು ಮಡಿಕೆ, ಒಂದು ಸವರು. ಲಕೋಟೆ ಆಗಿತ್ತು. ಅವರು ಆ ಕಡೆ ತಿರುಗಿದಾಗ ನಾನು ಕಳ್ಳತನದಿಂದ ಅಳೆದು ನೋಡಿದೆ. ಒಂದು ಕೂದಲಿನಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಮೂರು ಮಧ್ಯಾಹ್ನಗಳಲ್ಲಿ ಇನ್ನೂರೂ ಮುಗಿದವು. “ಕಲ್ತ್ಕೊಳಿ ಬನ್ನಿ, ಕಷ್ಟ ಏನಿಲ್ಲ,” ಎಂದು ಅವರು ಎರಡು ಸಲ ಕರೆದರು. ನಾನು ಉತ್ತರ ಪತ್ರಿಕೆ ತಿದ್ದುವುದಿದೆ ಎಂದು ತಪ್ಪಿಸಿಕೊಂಡೆ. ನನ್ನ ಪಾಲಿಗೆ ಬಂದ ಕೆಲಸವೆಂದರೆ ಅಂಟು ತಿರುವುವುದು.

ಗೃಹಪ್ರವೇಶದ ದಿನ ಬಳೆಗಿಂತ ಲಕೋಟೆಗೇ ಹೆಚ್ಚು ಹೆಸರು ಬಂತು. ಜಯಮ್ಮ ಪ್ರತಿಯೊಂದಕ್ಕೂ ಕೆಂಪು ದಾರ ಕಟ್ಟಿ, ಒಂದು ಚಿಟಿಕೆ ಕುಂಕುಮದ ಬೊಟ್ಟು ಇಟ್ಟಿದ್ದಳು. ಮಾಗಡಿ ಕಡೆಯ ತಿಪ್ಪಸಂದ್ರದಿಂದ ಬಂದಿದ್ದ ನಮ್ಮಕ್ಕ ಪುಟ್ಟಮ್ಮ ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ, “ಇದ್ಯಾರ್ಲಾ ಮಾಡಿದ್ದು, ನಂಜ? ಅಂಗ್ಡೀದಂಗೆ ಕಾಣಾಕಿಲ್ಲ,” ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಎದುರು ಮನೆಯವರು, “ಮೇಷ್ಟ್ರೇ ಮಾಡಿದ್ದು. ಸ್ಕೇಲ್ ಇಟ್ಕೊಂಡು ಕೂತಿದ್ದನ್ನ ನಾವೇ ನೋಡಿದ್ವಲ್ಲ,” ಎಂದುಬಿಟ್ಟರು. ಹತ್ತು ಜನ ನನ್ನ ಕಡೆ ತಿರುಗಿದರು. ಹೆಡ್ಮಾಸ್ತರೂ ಅವರಲ್ಲಿದ್ದರು. “ಅಲ್ಲ” ಎನ್ನುವ ಎರಡಕ್ಷರ ನನ್ನ ಗಂಟಲಿನವರೆಗೆ ಬಂದದ್ದು ನಿಜ. ಹೊರಗೆ ಬಂದದ್ದು ಮಾತ್ರ, “ಏನೋ, ಕಾಗದ ಬಿದ್ದಿತ್ತು,” ಎಂಬ ಮಾತು. ಅದರಲ್ಲಿ ಒಂದೂ ಸುಳ್ಳಿಲ್ಲವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ತಿರುಗಿದರೆ, ಮೂರು ಹೆಜ್ಜೆ ಆಚೆ ಕಂಬದ ಪಕ್ಕದ ಕುರ್ಚಿಯಲ್ಲಿ ಫಾತಿಮಮ್ಮ ಕೂತಿದ್ದರು. ಕೈಯಲ್ಲಿ ಪಾನಕದ ಲೋಟ. ನನ್ನನ್ನೇ ನೋಡಿದರು, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು, ಪಾನಕ ಕುಡಿದರು.

“ಆಯಮ್ಮ ಕೇಳಿಸ್ಕೊಂಡ್ರು ಕಣ್ರೀ,” ಎಂದಳು ಜಯಮ್ಮ ಸಂಜೆ ಪಾತ್ರೆ ಜೋಡಿಸುವಾಗ. ಅಷ್ಟು ಹೇಳಿ ಮತ್ತೆ ಪಾತ್ರೆಗಳ ಕಡೆ ತಿರುಗಿದಳು. ಬೈದಿದ್ದರೆ ವಾದ ಮಾಡಬಹುದಿತ್ತು.

ಮಾರನೆಯ ದಿನದಿಂದ ನಾನು ಶಾಲೆಗೆ ಹಿಂದಿನ ಗಲ್ಲಿಯಿಂದ ಹೋಗತೊಡಗಿದೆ. ಅದು ರೇಷ್ಮೆ ಬಿಚ್ಚುವವರ ಗಲ್ಲಿ. ಬೇಯುವ ಗೂಡಿನ ವಾಸನೆಗೆ ಮೂಗು ಮುಚ್ಚಿಕೊಂಡು ಅರ್ಧ ಮೈಲಿ ಸುತ್ತಬೇಕು. ಜಗಲಿಯ ಮೇಲೆ ಕೂತ ಒಬ್ಬ ಮುದುಕಿಯ ಮುಂದೆ ಹಾದುಹೋಗುವುದಕ್ಕಿಂತ ಅದೇ ಸುಲಭವಾಗಿ ಕಂಡಿತು. ಹೀಗೆ ಒಂದು ತಿಂಗಳು ನಡೆದೆ. ಜಯಮ್ಮ ಒಂದು ದಿನ ಅಂಗಿ ಮೂಸಿ, “ಯಾವಾಗಿಂದ ರೇಷ್ಮೆ ವ್ಯಾಪಾರ?” ಎಂದು ಕೇಳಿದಳು.

ಅಷ್ಟರಲ್ಲಿ ಅಕ್ಕ ಬಂದಳು. ಮಗನ ಮದುವೆ ಗೊತ್ತಾಗಿತ್ತು. “ಹೆಣ್ಣಿನ ಕಡೆಯೋರು ಬೆಂಗ್ಳೂರೋರು ಕಣ್ಲಾ. ಅವ್ರ ಮುಂದೆ ನಮ್ದೂ ಒಸಿ ಚೆಂದಾಗಿರ್ಬೇಕು. ಅಂತವೇ ಕವರು ಐನೂರು ಬೇಕು. ನೀನೇ ಮಾಡ್ಬೇಕು. ನನ್ ಮರ್ವಾದೆ ನಿನ್ ಕೈಲೈತೆ,” ಎಂದು ಹೇಳಿ, ಒಂದು ಚೀಲ ಅವರೇಕಾಯಿ ಇಳಿಸಿ ಹೋದಳು. ಅವರೇಕಾಯಿ ಸುಲಿಯುತ್ತ ಜಯಮ್ಮ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ನಾನು ಎದ್ದು ಪಕ್ಕದ ಮನೆಗೆ ಹೋದೆ.

ದಾರಿ ಹತ್ತು ಹೆಜ್ಜೆ. ಹೇಳಬೇಕಾದ್ದನ್ನು ಒಳ್ಳೆಯ ಪೀಠಿಕೆಯ ಜೊತೆ ಮನಸ್ಸಿನಲ್ಲೇ ಬರೆದುಕೊಂಡಿದ್ದೆ. ಎದುರಿಗೆ ನಿಂತಾಗ, “ಅಮ್ಮಾ, ಅವತ್ತು ನಾನು...” ಎಂಬಲ್ಲಿಗೆ ಮಾತು ನಿಂತಿತು.

“ಗೊತ್ತು. ಕೂತ್ಕೊಳಿ,” ಎಂದರು ಫಾತಿಮಮ್ಮ. ಅವರೇ ಮಾತು ಮುಂದುವರಿಸಿದರು. “ಇಪ್ಪತ್ತು ವರ್ಸ ಕವರ್ ಮಾಡ್ದೆ ಮೇಷ್ಟ್ರೇ. ಸಕ್ಕರೆ ಸುರ್ಕೊಂಡು ಬಿಸಾಕ್ತಾ ಇದ್ರು. ಇದನ್ಯಾರು ಮಾಡಿದ್ದು ಅಂತ ಒಬ್ರೂ ಕೇಳಿರ್ಲಿಲ್ಲ. ನಿಮ್ಮಕ್ಕ ಕೇಳಿದ್ರು. ನೀವು ಹೇಳ್ತೀರಾ ಅಂತ ನೋಡ್ದೆ.”

ನನ್ನ ಮೂವತ್ತು ವರ್ಷದ ನೌಕರಿಯಲ್ಲಿ ಇಷ್ಟು ಮೆತ್ತಗೆ ಯಾರನ್ನೂ ಬೆಂಚಿನ ಮೇಲೆ ನಿಲ್ಲಿಸಿದ್ದು ನೆನಪಿಲ್ಲ. ಮದುವೆಯ ಕೆಲಸ ಒಪ್ಪಿಕೊಳ್ಳುವುದಕ್ಕೆ ಅವರು ಹಾಕಿದ ಷರತ್ತು ಒಂದೇ, ನಾನೂ ಕೂತು ಮಡಿಸಬೇಕು. ಕೂತೆ. ನನ್ನ ಮಡಿಕೆ ಎಡಕ್ಕೆ ಎಳೆಯುತ್ತಿತ್ತು, ಅಂಟು ಒಳಗೆ ಹೋಗಿ ಬಾಯಿಯೇ ಮುಚ್ಚಿಕೊಳ್ಳುತ್ತಿತ್ತು. “ಇಷ್ಟ್ ಆತುರ ಇದ್ರೆ ಮಕ್ಳಿಗೆ ಹೆಂಗ್ ಹೇಳ್ಕೊಡ್ತೀರಿ?” ಎಂದು ಕೇಳುತ್ತ ಅವರು ನನ್ನ ಸರಕನ್ನು ಒಲೆಯ ಪಕ್ಕದ ಬುಟ್ಟಿಗೆ ಎಸೆಯುತ್ತಿದ್ದರು. ಎರಡನೆಯ ವಾರದ ಹೊತ್ತಿಗೆ ಬುಟ್ಟಿಗೆ ಹೋಗುವುದು ಕಡಿಮೆಯಾಯಿತು. ಐನೂರರಲ್ಲಿ ನಲವತ್ತೋ ಐವತ್ತೋ ನನ್ನವು ಪಾಸಾದವು. ಅದೂ ಕೃಪಾಂಕ ಕೊಟ್ಟು.

ಮದುವೆ ಮಾಗಡಿಯಲ್ಲಿ. ಫಾತಿಮಮ್ಮನನ್ನೂ ಕರೆದುಕೊಂಡು ಹೋದೆವು. ಈ ಸಲ ಗಂಟಲಿನಲ್ಲಿ ಏನನ್ನೂ ಉಳಿಸಿಕೊಳ್ಳಬಾರದೆಂದು ಬಸ್ಸಿನಲ್ಲೇ ನಿಶ್ಚಯಿಸಿದ್ದೆ. ಬೀಗರ ಕಡೆಯ ಹೆಂಗಸರು ಅಕ್ಕನ ಸುತ್ತ ಸೇರಿ, ತಟ್ಟೆಯಿಂದ ಒಂದು ಲಕೋಟೆ ಎತ್ತಿ ಮೆಚ್ಚಿಕೊಳ್ಳುತ್ತಿದ್ದಾಗ ಅಕ್ಕ, “ನಮ್ಮ ನಂಜುಂಡ ಮಾಡಿರಾದು,” ಎಂದಳು. ನಾನು ಮುಂದೆ ಹೋಗಿ ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ: “ನಾನಲ್ಲ ಅಕ್ಕ. ಇದನ್ನ ಮಾಡಿದ್ದು ಇವರು, ನಮ್ಮ ಪಕ್ಕದ ಮನೆ ಫಾತಿಮಮ್ಮ. ಗೃಹಪ್ರವೇಶದ್ದೂ ಇವರೇ ಮಾಡಿದ್ದು. ಅವತ್ತು ನಾನು ಸುಮ್ಮನಿದ್ದುಬಿಟ್ಟೆ.”

ಎದೆ ಹಗುರಾಯಿತು. ಬೀಗರ ಹೆಂಗಸರು ಫಾತಿಮಮ್ಮನ ಕಡೆ ತಿರುಗಿ ಕೈ ಮುಗಿದರು, ಪಕ್ಕದಲ್ಲಿ ಕೂರಿಸಿಕೊಂಡರು. ಅವರ ಮುಖ ಅರಳಿದ್ದನ್ನು ನಾನು ಕಂಡೆ. ಅವರು ಕೈ ಚಾಚಿ ಆ ಲಕೋಟೆಯನ್ನು ಇಸಿದುಕೊಂಡರು. ಬೆಳಕಿಗೆ ಹಿಡಿದು ನೋಡಿದರು, ಮಗುಚಿ ನೋಡಿದರು, ಮೂಲೆಯ ಮೇಲೆ ಹೆಬ್ಬೆರಳು ಆಡಿಸಿದರು.

“ಬೇರೆಯವು ಹೆಚ್ಚುಕಮ್ಮಿ ಎಲ್ಲ ನಂದೇ ಕಣಮ್ಮ,” ಎಂದರು. “ಇದು ಮಾತ್ರ ಮೇಷ್ಟ್ರುದು. ನಂದು ಹಿಂಗೆ ಸೊಟ್ಟ ಇರಲ್ಲ.”

ಮಂಟಪದ ಆ ಮೂಲೆಯಲ್ಲಿ ಎದ್ದ ನಗು ಓಲಗದವರಿಗೂ ಕೇಳಿಸಿರಬೇಕು. ಎಲ್ಲರಿಗಿಂತ ಜೋರಾಗಿ ನಕ್ಕವಳು ಜಯಮ್ಮ. ನಾನು ಬಗ್ಗಿ ನೋಡಿದೆ. ಬಲಗಡೆಯ ಮೂಲೆ ಅರ್ಧ ಬೆರಳಿನಷ್ಟು ಇಳಿದಿತ್ತು, ನನ್ನದೇ, ಅನುಮಾನವಿಲ್ಲ. ಹೊಗಳಿಕೆ ಕದ್ದ ದಿನ ಸಿಗದಿದ್ದ ಶಿಕ್ಷೆ, ಅದನ್ನು ಹಿಂದಿರುಗಿಸಲು ಹೋದ ದಿನ ಬಡ್ಡಿ ಸಮೇತ ಸಿಕ್ಕಿತ್ತು. ಆದರೂ ಒಂದು ಮಾತು ಹೇಳಿಬಿಡುತ್ತೇನೆ. ಐನೂರು ಲಕೋಟೆಗಳ ರಾಶಿಯಿಂದ ಆ ಹೆಂಗಸರು ಮೆಚ್ಚಿ ಎತ್ತಿಕೊಂಡದ್ದು ನನ್ನದನ್ನೇ.